ಕರಡು ಕನ್ನಡದಲ್ಲಿ ಬರಲಿ, ಮೂವತ್ತು ದಿನ ನಮ್ಮ ಕೈಯಲ್ಲಿರಲಿ

ಕೆರೆ, ಕಾಡು, ಕರೆಂಟು ಯಾವುದೇ ಇರಲಿ, ನಮಗೆ ಎಚ್ಚರ ಆಗುವುದು ಮಸೂದೆ ಪಾಸಾದ ಮೇಲೆ. 2025ರ ಆಗಸ್ಟ್‌ನಲ್ಲಿ ಆಗಿದ್ದೂ ಅದೇ. ಕೆರೆ ಅಂಚಿನಿಂದ 30 ಮೀಟರ್ ಜಾಗ ಖಾಲಿ ಬಿಡಬೇಕು ಅಂತ ಇದ್ದ ನಿಯಮವನ್ನು ಕೆರೆಯ ಅಳತೆ ನೋಡಿ ಕಡಿಮೆ ಮಾಡುವ ತಿದ್ದುಪಡಿಗೆ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕಂತೆ. ಮೇಲಿನ ಚಿಕ್ಕ ಕೆರೆ ತುಂಬಿ, ಹೂಳು ಅಲ್ಲೇ ಕೂತು, ಕೋಡಿ ಹರಿದ ನೀರು ತಾನೇ ರಾಜಕಾಲುವೆ ಹಿಡಿದು ಕೆಳಗಿನ ದೊಡ್ಡ ಕೆರೆಗೆ ಬರುವುದು? ಚಿಕ್ಕದನ್ನು ಕಳೆದುಕೊಂಡು ದೊಡ್ಡದನ್ನು ಹೇಗೆ ಉಳಿಸಿಕೊಳ್ಳುತ್ತೇವೆ?

ಆಮೇಲೆ ಕೆರೆ ಸಂಘದವರು, ಬಡಾವಣೆಯವರು ರಾಜ್ಯಪಾಲರಿಗೆ ಪತ್ರ ಬರೆದರು. ನಾನೂ ಬರೆದೆ. ಬರೆಯುವಾಗ ತುಂಬಾ ಬೇಜಾರಾಯಿತು, ಯಾಕೆಂದರೆ ಇದೇ ಪತ್ರ ಕರಡು ತಯಾರಾಗುವಾಗಲೇ ನಮ್ಮ ಶಾಸಕರ ಮೇಜಿನ ಮೇಲೆ ಇರಬೇಕಿತ್ತು.

ಹೋರಾಟ ನಮಗೆ ಹೊಸದೇನಲ್ಲ. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡು ನಿಂತರು. ಕೊಡಲಿ ಬಂದರೆ ಕಣ್ಣಿಗೆ ಕಾಣುತ್ತದೆ. ಕಾನೂನಿನ ಒಂದು ಸಾಲಿನಲ್ಲಿ 30 ತೆಗೆದು ಬೇರೆ ಅಂಕಿ ಹಾಕಿದರೆ ಯಾರಿಗೆ ಕಾಣುತ್ತದೆ ಹೇಳಿ.

ಮೊದಲೇ ಕೇಳಿದರೆ ಜನ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕರೆಂಟು ದರ ಏರಿಸುವ ಮೊದಲು ಜನರ ಆಕ್ಷೇಪಣೆ ಕೇಳಲೇಬೇಕು ಅಂತ 2003ರ ವಿದ್ಯುತ್ ಕಾಯ್ದೆಯಲ್ಲೇ ಇದೆ. ಹಾಗಾಗಿ ರಾಜ್ಯದಲ್ಲಿ ಕರೆಂಟು ದರ ನಿಗದಿ ಮಾಡುವ ಆಯೋಗ, ಅಂದರೆ ಕೆಇಆರ್‌ಸಿ, ಅಹವಾಲು ಸಭೆ ನಡೆಸುತ್ತದೆ. ಒಂದು ಸಲ ಹೋಗಿದ್ದೆ. ನನ್ನ ಪಕ್ಕ ಕೂತಿದ್ದ ವಯಸ್ಸಾದ ರೈತರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಸುಟ್ಟ ಪಂಪ್‌ಸೆಟ್ಟಿನ ರಿಪೇರಿ ಬಿಲ್ಲುಗಳನ್ನು ತೆಗೆದು, ತೊಡೆ ಮೇಲಿಟ್ಟು, ತಾರೀಖಿನ ಪ್ರಕಾರ ಜೋಡಿಸುತ್ತಾ ಇದ್ದರು. ಕೈ ನಡುಗುತ್ತಿತ್ತು. ಅವರ ಸರದಿ ಬಂದಾಗ ಒಂದೊಂದೇ ಬಿಲ್ ಎತ್ತಿ ಹಿಡಿದು, ಆ ದಿನ ವೋಲ್ಟೇಜ್ ಹೇಗಿತ್ತು, ಮೋಟರ್ ಯಾಕೆ ಸುಟ್ಟಿತು ಅಂತ ಹೇಳಿದರು. "ಹಗಲು ಬಿಸಿಲು ಸುಮ್ನೆ ಹೋಗ್ತೈತೆ ಸ್ವಾಮಿ, ಕರೆಂಟು ಮಾತ್ರ ರಾತ್ರಿ ಕೊಡ್ತೀರಿ" ಅಂದರು. ಹಗಲಿನ ಸೋಲಾರ್ ಕರೆಂಟನ್ನು ಹೊಲಕ್ಕೆ ಕೊಡಿ ಅನ್ನುವ ವಾದವನ್ನು ಇದಕ್ಕಿಂತ ಚೆನ್ನಾಗಿ ಯಾವ ತಜ್ಞರ ಬಾಯಲ್ಲೂ ನಾನು ಕೇಳಿಲ್ಲ. ಹಾಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ ಇದ್ದವು. ಅದು ನಮ್ಮ ತಪ್ಪು.

ಸೋಲಾರ್ ಅಂದ ಕೂಡಲೇ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಸುಮಾರು 13,000 ಎಕರೆ. ಅಲ್ಲಿ ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಜಮೀನು ರೈತರ ಹೆಸರಲ್ಲೇ ಉಳಿಯಿತು. ಇದು ನಿಜಕ್ಕೂ ಒಳ್ಳೆಯ ದಾರಿ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿ, ಕುರಿ ಮೇಯಿಸಿ ಬದುಕುತ್ತಿದ್ದವರಿಗೆ ಪಹಣಿ ಇಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಅವರ ಪಾಲು ಎಷ್ಟು ಅಂತ ಕಾನೂನಿನಲ್ಲೇ ಬರೆಯಬೇಕು. ಅದನ್ನು ಬರೆಸುವುದಕ್ಕೆ ಕರಡು ಹಂತದಲ್ಲೇ ಯಾರಾದರೂ ಬಾಯಿ ಬಿಡಬೇಕು, ಅಲ್ವಾ?

ಇನ್ನು ಭಾಷೆ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ (ಗಣಿಯಂಥ ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಪರಿಸರಕ್ಕೆ ಏನಾಗುತ್ತದೆ ಅಂತ ನೋಡುವ) ಹೊಸ ಅಧಿಸೂಚನೆಯ ಕರಡು ತಂದಾಗ ಮೊದಲು ಬಂದಿದ್ದು ಇಂಗ್ಲಿಷ್, ಹಿಂದಿಯಲ್ಲಿ. ದೇಶದ ಉಳಿದ ಭಾಷೆಗಳಿಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಕನ್ನಡದಲ್ಲಿ ಪ್ರಚಾರವೇ ಆಗಿಲ್ಲ ಅನ್ನುವ ದೂರು ನಮ್ಮ ಹೈಕೋರ್ಟಿಗೂ ಹೋಯಿತು, ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಬಂತು. ತನ್ನ ಊರಿನ ಗಣಿಗೆ ಸಂಬಂಧಪಟ್ಟ ನಿಯಮವನ್ನು ತನ್ನ ಭಾಷೆಯಲ್ಲಿ ಓದುವುದಕ್ಕೂ ಜನ ಕೋರ್ಟಿಗೆ ಹೋಗಬೇಕಾ?

ಹಾಗಾಗಿ ನನ್ನ ಬೇಡಿಕೆ ಒಂದೇ. ಪರಿಸರ, ನೀರು, ವಿದ್ಯುತ್ತಿಗೆ ಸಂಬಂಧಿಸಿದ ಯಾವ ಮಸೂದೆಯೇ ಆಗಲಿ, ಸದನಕ್ಕೆ ಬರುವ ಮೊದಲು 30 ದಿನ ಕನ್ನಡದಲ್ಲಿ ಜನರ ಮುಂದೆ ಇರಬೇಕು. ಬಂದ ಆಕ್ಷೇಪಣೆಗಳಿಗೆ ಇಲಾಖೆ ಏನು ಉತ್ತರ ಕೊಟ್ಟಿತು ಅನ್ನುವುದೂ ಜೊತೆಗೇ ಬರಬೇಕು. ಕೇಂದ್ರದಲ್ಲಿ 2014ರಿಂದ ಇಂಥದ್ದೊಂದು ನೀತಿ ಇದೆ, ಆದರೆ ನೀತಿಯನ್ನು ಪಕ್ಕಕ್ಕಿಡುವುದು ಸುಲಭ. ನಮ್ಮ ರಾಜ್ಯದಲ್ಲಿ ಇದು ಕಾನೂನೇ ಆಗಲಿ.

ಮುಂದಿನ ಅಧಿವೇಶನಕ್ಕೆ ಮೊದಲು ನಾವು ಕೆಲವರು ಈ ಬೇಡಿಕೆ ಹಿಡಿದು ನಮ್ಮ ಶಾಸಕರನ್ನು ಭೇಟಿ ಮಾಡುತ್ತಿದ್ದೇವೆ. ನಿಮ್ಮ ಕ್ಷೇತ್ರದಲ್ಲೂ ಹೋಗಿ. ಪತ್ರ ಒಂದು ಪುಟ ದಾಟುವುದು ಬೇಡ. ನಿಮ್ಮ ಊರಿನ ಕೆರೆಯ ಹೆಸರು, ಸರ್ವೆ ನಂಬರ್, ಈಗಿನ ಸ್ಥಿತಿಯ ಒಂದು ಫೋಟೋ ಇರಲಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಮಾತ್ರ ಹೊರಗೆ ಬರಬೇಡಿ. ಪತ್ರದ ನಮೂನೆ ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.