ಸಾಂಟಾ ಬರ್ತಾನೆ ಅಂತ ಮಕ್ಕಳನ್ನು ನಂಬಿಸಬೇಕಾ?

ಪರ: ನಂಬಲಿ ಬಿಡಿ, ಏನೂ ಕೆಡಲ್ಲ

ಡಿಸೆಂಬರ್ 24ರ ರಾತ್ರಿ ಅಮೆರಿಕದ ಲಕ್ಷಾಂತರ ಮನೆಗಳಲ್ಲಿ ಒಂದೇ ಕೆಲಸ ನಡೆಯುತ್ತಿರುತ್ತದೆ. ರಾತ್ರಿ ಉಡುಗೊರೆ ತರುವ ಸಾಂಟಾಗೆ ಅಂತ ಮಗು ತಟ್ಟೆಯಲ್ಲಿ ಕುಕ್ಕಿ, ಪಕ್ಕದಲ್ಲಿ ಒಂದು ಲೋಟ ಹಾಲು, ಅವನ ಗಾಡಿ ಎಳೆಯುವ ಹಿಮಸಾರಂಗಕ್ಕೆ ಅಂತ ಒಂದು ಕ್ಯಾರೆಟ್ ಇಟ್ಟು ಮಲಗುತ್ತದೆ. ಅದಕ್ಕೆ ನಿದ್ದೆ ಹತ್ತಿದ ಮೇಲೆ ಅಪ್ಪ ಬಂದು ಕುಕ್ಕಿ ತಿಂದು, ಬೇಕಂತಲೇ ನಾಲ್ಕು ಚೂರು ಉಳಿಸಿ, ಕ್ಯಾರೆಟ್ ತುದಿ ಕಚ್ಚಿಟ್ಟು ಹೋಗುತ್ತಾನೆ. ನ್ಯೂಜೆರ್ಸಿಯ, ಸ್ಯಾನ್ ಹೋಸೆಯ ಎಷ್ಟೋ ಕನ್ನಡದ ಮನೆಗಳಲ್ಲೂ ಇದು ನಡೆಯುತ್ತದೆ. ಕುಕ್ಕಿ ಇಲ್ಲದಿದ್ದರೆ ಕೋಡುಬಳೆಯೂ ಆದೀತು. ಸಾಂಟಾ ತಕರಾರು ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಇದನ್ನು ಸುಳ್ಳು ಅಂದುಬಿಡುವುದು ಸುಲಭ. ಆದರೆ ಈ ಆಟಕ್ಕೆ ದೊಡ್ಡವರೆಲ್ಲ ಸೇರಿಕೊಂಡಿದ್ದಾರೆ. ಕೆನಡಾದ ಅಂಚೆಯವರು ಸಾಂಟಾಗೆ ಅಂತಲೇ ಒಂದು ಪಿನ್‌ಕೋಡ್ ಇಟ್ಟುಕೊಂಡಿದ್ದಾರೆ. ಮಕ್ಕಳು ಕಾಗದ ಬರೆದರೆ ಉತ್ತರವೂ ಬರುತ್ತದೆ. ಅಮೆರಿಕ, ಕೆನಡಾ ಸೇರಿ ನಡೆಸುವ ವಾಯುರಕ್ಷಣಾ ಪಡೆ ನೋರಾಡ್ ಇದೆಯಲ್ಲ, ಅದು ಪ್ರತಿ ವರ್ಷ ಆ ರಾತ್ರಿ ಸಾಂಟಾ ಈಗ ಎಲ್ಲಿದ್ದಾನೆ ಅಂತ ಮಕ್ಕಳಿಗೆ ಹೇಳುತ್ತದೆ. ಇದು ಶುರುವಾಗಿದ್ದು 1955ರಲ್ಲಿ. ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಸಾಂಟಾ ಜೊತೆ ಮಾತಾಡಿ ಅಂತ ಅಂಗಡಿಯೊಂದು ಜಾಹೀರಾತು ಕೊಟ್ಟಿತ್ತು. ಮಗುವಿನ ಫೋನ್ ಹೋಗಿದ್ದು ಮಾತ್ರ ವಾಯುರಕ್ಷಣಾ ಕಚೇರಿಗೆ! ಅಲ್ಲಿದ್ದ ಕರ್ನಲ್ ಹ್ಯಾರಿ ಶೂಪ್ ಬೈದು ಫೋನ್ ಇಡಲಿಲ್ಲ. ಮಿಲಿಟರಿಯವರೇ ಆಟಕ್ಕೆ ಬಂದಾಗ ಅಪ್ಪ-ಅಮ್ಮ ಯಾಕೆ ಮುಖ ಗಂಟು ಹಾಕಿಕೊಳ್ಳಬೇಕು?

ನಿಜ ಗೊತ್ತಾದಾಗ ಮಗು ನೊಂದುಕೊಳ್ಳಲ್ವಾ ಅಂತ ಕೇಳುತ್ತಾರೆ. ಕಾರ್ಲ್ ಆಂಡರ್ಸನ್ ಮತ್ತು ನಾರ್ಮನ್ ಪ್ರೆಂಟಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವಿಚಾರಿಸಿ 1994ರಲ್ಲಿ ವರದಿ ಬರೆದರು. ಹೆಚ್ಚಿನ ಮಕ್ಕಳು ಏಳರ ಆಸುಪಾಸಿನಲ್ಲಿ ತಾವೇ ಪತ್ತೆ ಹಚ್ಚಿದ್ದರು, ಖುಷಿಯಾಗಿಯೇ ಇದ್ದರು. ಬೇಜಾರಾಗಿದ್ದು ಅಪ್ಪ-ಅಮ್ಮಂದಿರಿಗೆ!

ನನಗೆ ಇಷ್ಟವಾಗುವುದು ಆ ಪತ್ತೆದಾರಿಕೆಯೇ. ಸಾಂಟಾ ಕೊಟ್ಟ ಪೊಟ್ಟಣದ ಕಾಗದ ಅಮ್ಮನ ಕಪಾಟಿನಲ್ಲಿರುವ ಸುರುಳಿಯದ್ದೇ. ಚೀಟಿಯ ಮೇಲಿನ ಅಕ್ಷರ ಅಪ್ಪನ ಅಕ್ಷರದ ಹಾಗೇ ಸೊಟ್ಟಗಿದೆ. ಸಾಂಟಾ ಚಿಮಣಿಯಿಂದ ಇಳಿದು ಬರುತ್ತಾನಂತೆ, ನಮ್ಮ ಮನೆಗೆ ಚಿಮಣಿಯೇ ಇಲ್ಲವಲ್ಲ! ಯಾರೂ ಹೇಳಿಕೊಡದೆ ಮಗು ಸಾಕ್ಷಿ ಕೂಡಿಸುವುದನ್ನು ಕಲಿಯುತ್ತದೆ. ಆಮೇಲೆ ತಮ್ಮನಿಗೆ ಗೊತ್ತಾಗದ ಹಾಗೆ ಗುಟ್ಟು ಕಾಯುತ್ತದೆ. ನನ್ನದು ಒಂದೇ ಷರತ್ತು. ಮಗು ನೇರವಾಗಿ ಕೇಳಿದ ದಿನ ನಿಜ ಹೇಳಿಬಿಡಬೇಕು.

ವಿರೋಧ: ಆಟ ಆಡಿ, ನಂಬಿಸಬೇಡಿ

ಆ ‘ನೇರವಾಗಿ ಕೇಳಿದ ದಿನ’ವೇ ಎಲ್ಲರೂ ಜಾರಿಕೊಳ್ಳುವುದು. 1897ರಲ್ಲಿ ವರ್ಜೀನಿಯಾ ಓಹ್ಯಾನ್ಲನ್ ಎಂಬ ಎಂಟು ವರ್ಷದ ಹುಡುಗಿ ನ್ಯೂಯಾರ್ಕಿನ ‘ದಿ ಸನ್’ ಪತ್ರಿಕೆಗೆ ಕಾಗದ ಬರೆದಳು. ಸಾಂಟಾ ಇದ್ದಾನಾ, ನಿಜ ಹೇಳಿ ಅಂತ. ಪತ್ರಿಕೆಯಲ್ಲಿ ಬಂದರೆ ಅದು ನಿಜ ಅಂತ ಅವಳಿಗೆ ಹೇಳಿದ್ದು ಅವಳ ಅಪ್ಪನೇ. ಪತ್ರಿಕೆ ಸಂಪಾದಕೀಯ ಬರೆದು ಇದ್ದಾನೆ ಅಂದಿತು. ಆ ಬರಹವನ್ನು ಜನ ಇವತ್ತಿಗೂ ಮೆಚ್ಚಿ ಓದುತ್ತಾರೆ, ಚಂದವಾಗಿಯೂ ಇದೆ. ಆದರೆ ಹುಡುಗಿ ಕೇಳಿದ್ದು ಚಂದದ ಮಾತನ್ನಲ್ಲ.

ಈಗಂತೂ ಆಟದ ಜೊತೆ ಕಾವಲೂ ಸೇರಿಕೊಂಡಿದೆ. ಸಾಂಟಾ ಹತ್ತಿರ ಒಳ್ಳೆ ಮಕ್ಕಳ ಪಟ್ಟಿ, ಕೆಟ್ಟ ಮಕ್ಕಳ ಪಟ್ಟಿ ಮೊದಲೇ ಇತ್ತು. 2005ರಲ್ಲಿ ಎಲ್ಫ್, ಅಂದರೆ ಸಾಂಟಾನ ಪುಟಾಣಿ ಸಹಾಯಕನ ಬೊಂಬೆಯೂ ಅಂಗಡಿಗೆ ಬಂತು. ಅದು ಕಪಾಟಿನ ಮೇಲೆ ಕೂತು ಮಗುವನ್ನು ನೋಡುತ್ತದಂತೆ, ರಾತ್ರಿ ಹೋಗಿ ಸಾಂಟಾಗೆ ಚಾಡಿ ಹೇಳುತ್ತದಂತೆ. ಮುಟ್ಟಿದರೆ ಅದರ ಮಾಯೆ ಹೋಗುತ್ತದಂತೆ. ಬೊಂಬೆಯ ಜಾಗ ಬದಲಿಸುವುದು ಮರೆತು ನಡುರಾತ್ರಿ ಎದ್ದು ಓಡುವ ಅಮ್ಮಂದಿರ ಗೋಳು ಬೇರೆ. ಹಠ ಮಾಡುವ ಮಗುವಿಗೆ ಬುದ್ಧಿ ಹೇಳಬೇಕಾದವರು ನಾವು. ಅದನ್ನು ಬಟ್ಟೆ ಬೊಂಬೆಗೆ ವಹಿಸಿದರೆ ಹೇಗೆ?

ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ಉಡುಗೊರೆಯ ಲೆಕ್ಕ. ಒಂದೇ ಕ್ಲಾಸಿನ ಒಬ್ಬನಿಗೆ ಸಾಂಟಾ ಐಪ್ಯಾಡ್ ತಂದ. ಪಕ್ಕದಲ್ಲಿ ಕೂರುವವಳಿಗೆ ಒಂದು ಜೊತೆ ಕಾಲುಚೀಲ. ಅಪ್ಪನ ಸಂಬಳ ಕಡಿಮೆ ಅಂತ ಗೊತ್ತಿದ್ದರೆ ಆ ಹುಡುಗಿಗೆ ಅರ್ಥವಾಗುತ್ತಿತ್ತು. ಆದರೆ ಕೊಟ್ಟವನು ಸಾಂಟಾ. ಅವನಿಗೆ ದುಡ್ಡಿನ ಕಷ್ಟವಿಲ್ಲ, ಒಳ್ಳೆಯವರಿಗೆ ಒಳ್ಳೆಯದು ಕೊಡುತ್ತಾನೆ ಅಂತ ಬೇರೆ ಹೇಳಿಟ್ಟಿದ್ದೇವೆ. ಹಾಗಾದರೆ ನಾನೇ ಕೆಟ್ಟವಳು ಅಂತ ಅವಳು ಅಂದುಕೊಂಡರೆ ತಪ್ಪು ಯಾರದ್ದು?

ಕ್ರಿಸ್‌ಮಸ್ ಮಾಡದ ಮನೆಯ ಮಗುವಿಗೂ ಇದೇ ಪೇಚು. ‘ನಮ್ಮನೆಗೆ ಯಾಕಮ್ಮಾ ಬರಲ್ಲ?’ ಅಂದರೆ ‘ಅದು ನಮ್ಮ ಹಬ್ಬ ಅಲ್ಲ ಪುಟ್ಟಾ’ ಅನ್ನುತ್ತೇವೆ. ಅಂದರೆ ಎಲ್ಲ ಮಕ್ಕಳನ್ನೂ ಪ್ರೀತಿಸುವ ಆ ತಾತ ಜಾತಿ ಕೇಳಿ ಬಾಗಿಲು ತಟ್ಟುತ್ತಾನೆ ಅಂತಾಯಿತು. ಆಮೇಲೆ ಈ ಮಗು ನಿಜ ತಿಳಿದುಕೊಂಡು ಸ್ಕೂಲಲ್ಲಿ ಬಾಯಿ ಬಿಟ್ಟರೆ ಬೇರೆ ಅಪ್ಪ-ಅಮ್ಮಂದಿರು ದೂರು ತರುತ್ತಾರೆ.

ನಂಬದಿದ್ದರೆ ಖುಷಿಯೇ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪಲ್ಲ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ರಾಕ್ಷಸ ಪಾತ್ರದ ಬಣ್ಣದ ವೇಷದವರು ಮುಖಕ್ಕೆ ಹಿಟ್ಟಿನ ಚಿಟ್ಟಿ ಇಡುವುದನ್ನು ಹತ್ತಿರ ಕೂತು ನೋಡಿದ ಮಗುವೇ, ಅದೇ ರಾಕ್ಷಸ ರಂಗಕ್ಕೆ ಆರ್ಭಟ ಮಾಡಿಕೊಂಡು ಬಂದಾಗ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುತ್ತದೆ. ವೇಷ ಅಂತ ಗೊತ್ತಿದ್ದೂ ಮಕ್ಕಳು ಪೂರ್ತಿ ಮುಳುಗಬಲ್ಲರು. ಸಾಂಟಾನ ಕಥೆ ಹೇಳಿ, ಟೋಪಿ ಹಾಕಿ, ಕುಕ್ಕಿಯೂ ಇಡಿ. ಉಡುಗೊರೆಯ ಚೀಟಿಯಲ್ಲಿ ಮಾತ್ರ ಕೊಟ್ಟವರ ಹೆಸರೇ ಇರಲಿ. ಸೈಕಲ್ ಕೊಡಿಸಿದ ಅಜ್ಜಿಗೆ ಒಂದು ಥ್ಯಾಂಕ್ಸ್ ಸಲ್ಲಬೇಕು, ಅಲ್ವಾ?