ಶಿರಸಿಯ ಪೇಟೆ ಉಳಿಯಬೇಕಾದರೆ ಶಿರಸಿಯಲ್ಲೇ ಕೊಳ್ಳಬೇಕೆ?

ಪರ: ವಾಷರಿಗೆ ಮಾತ್ರ ಪೇಟೆ ಬೇಕೆಂದರೆ ಹೇಗೆ?

ಮಳೆ ಬಿಡದೆ ಹಿಡಿದುಕೊಂಡಿತೆಂದರೆ ಶಿರಸಿ ಸೀಮೆಯ ಅಡಿಕೆ ತೋಟಗಳಿಗೆ ಕೊಳೆರೋಗದ ಭಯ. ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಟ್ಟ ಒಂದು ಹೊಳವು ಬೇಕು, ಮೈಲುತುತ್ತ, ಸುಣ್ಣ ಸಿದ್ಧವಿರಬೇಕು, ಎಲ್ಲಕ್ಕಿಂತ ಕಷ್ಟವಾಗಿ ಮರ ಹತ್ತುವ ಕೊನೆಗೌಡ ಸಿಗಬೇಕು. ಇವೆಲ್ಲ ಕೂಡಿಬಂದ ದಿನವೇ ಪಂಪಿನ ವಾಷರ್ ಹರಿಯುತ್ತದೆ. ನಾಲ್ಕು ಕಾಸಿನ ವಸ್ತು. ಆನ್‌ಲೈನ್‌ನಲ್ಲಿ ಹುಡುಕಿದರೆ ಅದೂ ಸಿಗುತ್ತದೆ, ಇನ್ನೂ ಅಗ್ಗಕ್ಕೇ ಸಿಕ್ಕೀತು. ಆದರೆ ಪಾರ್ಸೆಲ್ ಬರುವಷ್ಟರಲ್ಲಿ ಮಳೆ ಮತ್ತೆ ಶುರುವಾಗಿರುತ್ತದೆ, ಕೊನೆಗೌಡ ಇನ್ನೊಬ್ಬರ ತೋಟದಲ್ಲಿರುತ್ತಾನೆ, ಬುಡದಲ್ಲಿ ಎಳೆಗಾಯಿ ಉದುರಿ ಬಿದ್ದಿರುತ್ತದೆ. ಪೇಟೆಯಲ್ಲಿ ಹಾಗಲ್ಲ. ಅಂಗಡಿಯವರು ಹರಿದ ವಾಷರನ್ನು ಬೆರಳ ನಡುವೆ ಹಿಡಿದು ತಿರುಗಿಸಿ ನೋಡುತ್ತಾರೆ, ಯಾವ ಕಂಪನಿಯ ಪಂಪು ಎಂದೂ ಕೇಳದೆ ಡ್ರಾಯರಿನಿಂದ ಅದರ ಜೋಡಿಯನ್ನು ತೆಗೆದುಕೊಡುತ್ತಾರೆ. "ನಳಿಕೆಯ ನಾಝಲ್ಲೂ ಸವೆದಿರಬೇಕು, ಮಾರಾಯರೇ, ಒಂದು ಇಟ್ಟುಕೊಂಡಿರಿ" ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡರೊಳಗೆ ಪಂಪು ತೋಟದಲ್ಲಿ ಮತ್ತೆ ಓಡುತ್ತಿರುತ್ತದೆ.

ಆ ಡ್ರಾಯರು ವಾಷರಿನ ಲಾಭದಲ್ಲಿ ನಡೆಯುವುದಿಲ್ಲ. ಅದನ್ನು ಸಾಕುತ್ತಿರುವುದು ಅದೇ ಅಂಗಡಿಯಲ್ಲಿ ವರ್ಷಕ್ಕೆ ಕೆಲವು ಸಲ ಮಾರಾಟವಾಗುವ ಪಂಪು, ಪೈಪು, ಮೋಟಾರು. ದೊಡ್ಡ ಸಾಮಾನನ್ನೆಲ್ಲ ಮೊಬೈಲಿನಲ್ಲಿ ತರಿಸಿಕೊಂಡು, ತುರ್ತು ಬಿದ್ದಾಗ ಮಾತ್ರ ಪೇಟೆಗೆ ಓಡುವುದು ನಮ್ಮ ರೂಢಿಯಾದರೆ ಆ ಅಂಗಡಿ ಎಷ್ಟು ವರ್ಷ ಬಾಗಿಲು ತೆರೆದೀತು? ಊರಿನ ಅಂಗಡಿಯಲ್ಲಿ ಕೊಳ್ಳಿ ಎಂದು ನಾನು ಒತ್ತಾಯಿಸುವುದು ಪ್ರಾಮಾಣಿಕವಾದ ಈ ಒಂದು ಲೆಕ್ಕಕ್ಕಾಗಿ. ವ್ಯಾಪಾರಿಯ ಮೇಲಿನ ಕನಿಕರದ ಪ್ರಶ್ನೆಯೇ ಇಲ್ಲಿಲ್ಲ. ಪಂಪಿನ ಬೆಲೆಯಲ್ಲಿ ನಾವು ಕೊಡುವ ನಾಲ್ಕು ರೂಪಾಯಿ ಹೆಚ್ಚಿಗೆ ಎಂಬುದು ಆ ಡ್ರಾಯರಿನ ಬಾಡಿಗೆ.

ಬೆಲೆಯ ಸ್ಪರ್ಧೆ ನ್ಯಾಯವಾದುದೇ ಎಂಬುದನ್ನೂ ಕೇಳಬೇಕು. ವರ್ಷಗಟ್ಟಲೆ ನಷ್ಟ ಹೊತ್ತು ರಿಯಾಯಿತಿ ಕೊಡುವ ಬಂಡವಾಳ ಒಂದು ಕಡೆ, ಬ್ಯಾಂಕಿನ ಓವರ್‌ಡ್ರಾಫ್ಟಿನಲ್ಲಿ ದಾಸ್ತಾನು ತುಂಬುವ ಅಂಗಡಿ ಇನ್ನೊಂದು ಕಡೆ. ವಿದೇಶಿ ಹೂಡಿಕೆಯ ಆನ್‌ಲೈನ್ ಮಾರುಕಟ್ಟೆಗಳು ಮಾರಾಟ ಬೆಲೆಯ ಮೇಲೆ ಪ್ರಭಾವ ಬೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರ ಫೆಬ್ರವರಿ 1ರಿಂದ ಬಿಗಿಗೊಳಿಸಬೇಕಾಯಿತು. ಅಪಾಯವಿಲ್ಲದಿದ್ದರೆ ನಿಯಮ ಏಕೆ ಬೇಕಿತ್ತು?

2020ರ ಮಾರ್ಚ್ ಕೊನೆಯ ವಾರವನ್ನು ನೆನೆಸಿಕೊಳ್ಳಿ. ಲಾಕ್‌ಡೌನ್ ಘೋಷಣೆಯಾದೊಡನೆ ಒಂದು ದೊಡ್ಡ ಆನ್‌ಲೈನ್ ಕಂಪನಿ ಕೆಲಕಾಲ ಸೇವೆಯನ್ನೇ ನಿಲ್ಲಿಸಿತು, ಇನ್ನೊಂದು ಅಗತ್ಯ ವಸ್ತುಗಳಿಗಷ್ಟೇ ಸೀಮಿತವಾಯಿತು. ಅಕ್ಕಿ, ಬೇಳೆ, ಮಾತ್ರೆ ಕೊಟ್ಟವರು ಓಣಿಯ ಕಿರಾಣಿ ಅಂಗಡಿಯವರು ಮತ್ತು ಔಷಧ ಅಂಗಡಿಯವರು. ಕೂಲಿ ನಿಂತಿದ್ದ ಮನೆಗಳಿಗೆ ಉದ್ರಿ ಬರೆದುಕೊಟ್ಟವರೂ ಅವರೇ. ಮಳೆಗಾಲದಲ್ಲಿ ಘಟ್ಟ ಕುಸಿದು ಕುಮಟಾ ದಾರಿ ಕಟ್ಟಿದಾಗಲೂ ಊರಿನ ಗೋದಾಮಿನಲ್ಲಿರುವುದೇ ನಮ್ಮ ಪಾಲಿಗಿರುವ ಸಾಮಾನು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಗೆ, ಶಾಲೆಯ ವಾರ್ಷಿಕೋತ್ಸವಕ್ಕೆ, ಯಕ್ಷಗಾನದ ಆಟಕ್ಕೆ ವಂತಿಗೆ ಎತ್ತುವವರು ಮೊದಲು ಹತ್ತುವುದು ಯಾರ ಮೆಟ್ಟಿಲು ಎಂಬುದು ಎಲ್ಲರಿಗೂ ಗೊತ್ತು.

ಕೆಟ್ಟ ಮಾಲಿಗೆ ಹೆಚ್ಚು ಹಣ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಗುಂಡಿ ಒತ್ತುವ ಮೊದಲು ಪೇಟೆಯಲ್ಲಿ ಒಮ್ಮೆ ದರ ವಿಚಾರಿಸಿ, ಇಲ್ಲದ್ದನ್ನು ತರಿಸಿಕೊಡಲು ಹೇಳಿ. ಬಹಳ ಸಲ ಎರಡು ದಿನದಲ್ಲಿ ಹುಬ್ಬಳ್ಳಿಯಿಂದ ಬಂದಿರುತ್ತದೆ.

ವಿರೋಧ: ಗಿರಾಕಿಯ ಮೇಲೆ ಊರಿನ ಭಾರ ಹೊರಿಸಬೇಡಿ

ಶಿರಸಿಯ ತೋಟಗಾರರು ಊರಿನ ವ್ಯಾಪಾರಿಗಳನ್ನು ಬೆಂಬಲಿಸಿ ಉದ್ಧಾರವಾದವರಲ್ಲ. ಮುಂಗಡ ಕೊಟ್ಟ ದಲಾಲಿ ಹೇಳಿದ್ದೇ ದರ, ಹಿಡಿದದ್ದೇ ತೂಕ ಎಂಬ ಸ್ಥಿತಿಯಿಂದ ಪಾರಾಗಲು ಅವರು 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು, ನಾವೆಲ್ಲ ಟಿಎಸ್‌ಎಸ್ ಎನ್ನುವ ಸಂಸ್ಥೆಯನ್ನು ಕಟ್ಟಿಕೊಂಡರು. ಆ ದಲಾಲಿಗಳೂ ಈ ನೆಲದ ವ್ಯಾಪಾರಿಗಳೇ ಆಗಿದ್ದರು, ಅವರೂ ಜಾತ್ರೆಗೆ ವಂತಿಗೆ ಕೊಟ್ಟಿರಬಹುದು. "ನಮ್ಮವರು" ಎಂಬ ಒಂದೇ ಕಾರಣಕ್ಕೆ ಅಂದಿನ ಹಿರಿಯರು ಅವರನ್ನೇ ನೆಚ್ಚಿಕೊಂಡಿದ್ದರೆ ಇಂದು ಊರಿಗೆ ಹೆಸರು ತಂದ ಸಂಸ್ಥೆ ಇರುತ್ತಿರಲಿಲ್ಲ. ಗಿರಾಕಿಗೆ ಬೇರೆ ದಾರಿ ಇದ್ದಾಗಲೇ ವ್ಯಾಪಾರಿ ತಕ್ಕಡಿಯನ್ನು ನೆಟ್ಟಗೆ ಹಿಡಿಯುವುದು.

ಉದ್ರಿಯ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಇನ್ನೊಂದು ಮುಖವನ್ನು ನೋಡಿದವರು ಅದನ್ನು ಇಷ್ಟು ಹಗುರವಾಗಿ ಹೊಗಳಲಾರರು. ಪುಸ್ತಕದಲ್ಲಿ ಬಾಕಿ ಇರುವವನು ದರ ಕೇಳುವಂತಿಲ್ಲ, ಬೇಳೆಯಲ್ಲಿ ಹುಳ ಬಿದ್ದಿದೆ ಎನ್ನುವಂತಿಲ್ಲ, ಪಕ್ಕದ ಅಂಗಡಿಗೆ ಹೋಗುವಂತಿಲ್ಲ. ಹೋದದ್ದು ಕಂಡರೆ ಮರುದಿನವೇ ಬಾಕಿ ಚುಕ್ತಾ ಮಾಡು ಎಂಬ ಮಾತು ಬರುತ್ತದೆ. ಕೂಲಿಯವರ ಮನೆಯ ಹುಡುಗ ಎರಡು ಕಡೆಯ ಬೆಲೆಯನ್ನು ಮೊಬೈಲಿನಲ್ಲಿ ತಾಳೆ ನೋಡುತ್ತಿದ್ದರೆ ನನಗೆ ಸಂತೋಷವಾಗುತ್ತದೆ.

ಇನ್ನು ಹೆಂಗಸರ ಮಾತು. ಎಲ್ಲರೂ ಎಲ್ಲರನ್ನೂ ಬಲ್ಲ ಪೇಟೆಯಲ್ಲಿ ಒಳಉಡುಪು ಕೊಳ್ಳುವುದು, ಸ್ಯಾನಿಟರಿ ಪ್ಯಾಡ್ ಕೇಳುವುದು ಹೇಗಿರುತ್ತದೆ ಎಂದು ಅಂಗಡಿಯ ಆಚೆ ಬದಿಯಲ್ಲಿ ಕುಳಿತವರಿಗೆ ತಿಳಿಯದು. ಗಲ್ಲಾದ ಮೇಲೆ ನೆರೆಮನೆಯವರ ಮಗ, ಪಕ್ಕದಲ್ಲಿ ಅಪ್ಪನ ಸ್ನೇಹಿತರು ಹರಟುತ್ತಾ ಕುಳಿತಿರುತ್ತಾರೆ. ಹುಡುಗಿ ಅವರು ಏಳಲೆಂದು ಕಾಯುತ್ತಾಳೆ, ಬೇಡದ ಒಂದು ಸೋಪು ಕೊಳ್ಳುತ್ತಾಳೆ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾಳೆ. ಪೊಟ್ಟಣವನ್ನು ಹಳೆಯ ಪತ್ರಿಕೆಯಲ್ಲಿ ಕದ್ದ ಮಾಲಿನಂತೆ ಸುತ್ತಿ ಕೊಡುತ್ತಾರೆ. ಅಳತೆ ಸರಿಹೋಗದ ಬಟ್ಟೆಯನ್ನು ಹಿಂದಿರುಗಿಸಲು ಹೋದರೆ "ಬಿಲ್ ಎಲ್ಲಿ?" ಎನ್ನುತ್ತಾರೆ, ಕೊಡುವಾಗ ಬಿಲ್ ಕೊಟ್ಟೇ ಇರುವುದಿಲ್ಲ. ಇವಳು ಮನೆ ಬಾಗಿಲಿಗೆ ಬರುವ ಪೆಟ್ಟಿಗೆಯನ್ನು ಆರಿಸಿಕೊಂಡರೆ ಅದನ್ನು ಊರಿಗೆ ಮಾಡಿದ ದ್ರೋಹ ಎನ್ನಬಹುದೇ?

ಊರಿನ ಅಂಗಡಿಯಲ್ಲಿ ಕೊಂಡರೆ ಹಣ ಊರಲ್ಲೇ ಸುತ್ತುತ್ತದೆ ಎಂದು ಕೆಲವರು ಹೂಡುವ ವಾದವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಅಂಗಡಿಯ ಮಿಕ್ಸಿ, ಸೋಪು, ಬಿಸ್ಕತ್ತು ತಯಾರಾಗುವುದು ಹೊರಗೇ. ಊರಲ್ಲಿ ಉಳಿಯುವುದು ಅಂಚಿನ ಲಾಭ ಮತ್ತು ಬಾಡಿಗೆ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ನಿಂತೇ ದುಡಿಯುವ ಹುಡುಗಿಯ ಕೈಗೆ ಅದರಲ್ಲಿ ಎಷ್ಟು ಬರುತ್ತದೆ ಎಂದು ಊರಿನ ಅಭಿಮಾನದ ಮಾತಾಡುವವರು ವಿಚಾರಿಸಿದ್ದು ನಾನು ಕೇಳಿಲ್ಲ. ತೆರಿಗೆಯ ಮಾತು ಬಂದರೆ, 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿ ಬಳಕೆಯ ಜಾಗವನ್ನು ನೋಡುತ್ತದೆ. ದೆಹಲಿಯ ಮಾರಾಟಗಾರನಿಂದ ಶಿರಸಿಯ ಮನೆಗೆ ತರಿಸಿದರೂ ರಾಜ್ಯದ ಪಾಲು ಕರ್ನಾಟಕಕ್ಕೇ ಬರುತ್ತದೆ.

ಅದಕ್ಕಿಂತ ಮುಖ್ಯವಾಗಿ, ಈ ಊರು ಬದುಕಿರುವುದೇ ಹೊರಗಿನವರು ನಮ್ಮದನ್ನು ಕೊಳ್ಳುವುದರಿಂದ. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದನ್ನು ತಿನ್ನುವವರಲ್ಲಿ ಹೆಚ್ಚಿನವರು ನಮ್ಮ ತಾಲ್ಲೂಕಿನ ಹೆಸರನ್ನೂ ಕೇಳಿರಲಾರರು. ಕಾಳುಮೆಣಸು, ಏಲಕ್ಕಿ, ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ ಎಲ್ಲಕ್ಕೂ ಇದೇ ಮಾತು. ಉತ್ತರ ಭಾರತದ ಪೇಟೆಗಳೆಲ್ಲ "ನಮ್ಮೂರಿನದನ್ನೇ ಕೊಳ್ಳೋಣ" ಎಂದು ಹಟ ಹಿಡಿದರೆ ನಮ್ಮ ಅಟ್ಟದ ಮೇಲಿನ ಒಣಗಿಸಿದ ಚಾಲಿ ಅಡಿಕೆ ಎಲ್ಲಿಗೆ ಹೋಗಬೇಕು? ಮಹಿಳಾ ಸಂಘದವರು ಹಪ್ಪಳದ ಕಟ್ಟನ್ನು ಬೆಂಗಳೂರಿಗೋ ದುಬೈಯಲ್ಲಿರುವ ಕನ್ನಡಿಗರಿಗೋ ಕಳಿಸುವಾಗ ಹೊಗಳುವ ನಾವು, ಅದೇ ದಾರಿಯಲ್ಲಿ ಒಳಗೆ ಬರುವ ಪಾರ್ಸೆಲ್ ಕಂಡು ಮುಖ ಸಿಂಡರಿಸುವುದು ಸರಿಯಲ್ಲ.

ಮಲೆನಾಡಿನ ಮನೆಗಳು ಬರಿದಾಗಲು ಮೊಬೈಲ್ ಖರೀದಿ ಕಾರಣವೂ ಅಲ್ಲ. ದೇಶದ ಹೆಸರಾಂತ ಆನ್‌ಲೈನ್ ಮಳಿಗೆಯೊಂದು ಬೆಂಗಳೂರಿನಲ್ಲಿ ಹುಟ್ಟಿದ್ದು 2007ರಲ್ಲಿ. ಅಷ್ಟರೊಳಗೇ ನಮ್ಮ ಹಳ್ಳಿಗಳ ಮಕ್ಕಳು ಓದಿ, ರಾತ್ರಿ ಬಸ್ ಹತ್ತಿ ಹೋಗಿಯಾಗಿತ್ತು. ಇಂದು ಆ ಮನೆಗಳಲ್ಲಿ ಇರುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ಪೇಟೆಗೆ ಹೋಗಬೇಕೆಂದರೆ ಬಸ್ ಬರುವ ಡಾಂಬರು ರಸ್ತೆಯವರೆಗೆ ಛತ್ರಿ ಹಿಡಿದು ನಡೆಯಬೇಕು, ಮಂಡಿನೋವು ಅದಕ್ಕೆ ಒಪ್ಪುವುದಿಲ್ಲ. ಮಗಳು ಪುಣೆಯಿಂದಲೋ ಅಮೆರಿಕದಿಂದಲೋ ಆರ್ಡರ್ ಮಾಡಿದ ಮಂಡಿಪಟ್ಟಿ, ಟಾರ್ಚು, ಬಿಸಿನೀರಿನ ಚೀಲ ನೇರವಾಗಿ ಅವರ ಜಗಲಿಗೆ ಬರುತ್ತದೆ. ಪೇಟೆಯ ಯಾವ ಅಂಗಡಿಯೂ ಅಲ್ಲಿಯವರೆಗೆ ಸಾಮಾನು ತಲುಪಿಸುವ ಏರ್ಪಾಡು ಮಾಡಿರಲಿಲ್ಲ. ತೋಟ ಮಾರಿ ಮಕ್ಕಳ ಫ್ಲ್ಯಾಟಿಗೆ ಹೋಗದೆ ಅವರು ಇನ್ನೂ ಇಲ್ಲೇ ಇದ್ದಾರೆಂದರೆ ಅದರಲ್ಲಿ ಈ ಪಾರ್ಸೆಲ್‌ಗಳ ಪಾಲೂ ಇದೆ.