ಒಳಗಿನಿಂದ ಹೊದೆಸಿದ ಹುಲ್ಲಿನ ಮಾಡು

ಹುಲ್ಲು ಕತ್ತರಿಸುವ ಕರೆಂಟಿನ ಮೋವರನ್ನು ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಮ್ಮೆ ಮಗುಚಿ ನೋಡಬೇಕು. ಮೇಲುಗಡೆ ಹೊಳೆಯುವ ಬಣ್ಣ, ಕಂಪನಿಯ ಹೆಸರು. ಅಡಿಯಲ್ಲಿ ಎರಡು ಬೆರಳು ದಪ್ಪದ ಕಪ್ಪು-ಹಸಿರು ಹಿಟ್ಟು, ಹುಳಿ ವಾಸನೆ, ಬಾಡಿಗೆಯಿಲ್ಲದೆ ವಾಸವಿರುವ ಒಂದು ಚೋರಟೆ ಹುಳ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕಡೆಯ ಮನೆಗಳ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಿಂದೆ ಸರಿದವು ಎನ್ನುತ್ತೇವೆ. ಎಲ್ಲಿ ಸರಿದವು? ಮಂಗಳೂರಿನಿಂದ ಉಡುಪಿಯವರೆಗೆ ಎಷ್ಟೋ ಮೋವರುಗಳ ಹೊಟ್ಟೆಯೊಳಗೆ ಪ್ರತಿ ಮಳೆಗಾಲ ಹೊಸ ಮಾಡು ಹೊದೆಸಿಯೇ ಇರುತ್ತದೆ.

ಅದು ಕಟ್ಟಿಕೊಳ್ಳುವ ರೀತಿ ಚೆಂದ. ಮೋವರಿನ ಬ್ಲೇಡು ಅರ್ಧ ಕತ್ತಿ, ಅರ್ಧ ಫ್ಯಾನು. ತುದಿಗಳ ಹಿಂಬದಿಯನ್ನು ತುಸು ಮೇಲಕ್ಕೆ ಬಗ್ಗಿಸಿರುತ್ತಾರೆ. ನಿಮಿಷಕ್ಕೆ 3,000 ಸುತ್ತಿನ ಆಸುಪಾಸಿನಲ್ಲಿ ತಿರುಗುವಾಗ ಆ ಬಗ್ಗು ಗಾಳಿಯನ್ನು ಮೇಲೆಳೆದು, ಮಲಗಿದ ಹುಲ್ಲನ್ನು ಎಬ್ಬಿಸಿ ನಿಲ್ಲಿಸಿ, ಕತ್ತರಿಸಿದ್ದನ್ನು ಹಿಂದಿನ ಚೀಲಕ್ಕೆ ಊದುತ್ತದೆ. ಒಣ ಹುಲ್ಲು ಹಾರಿ ಹೋಗುತ್ತದೆ. ಚಂಡಿ ಹುಲ್ಲು ಮುಚ್ಚಳದ ಒಳಮೈಗೆ ಅಪ್ಪಳಿಸಿ ಅಲ್ಲೇ ಕೂರುತ್ತದೆ. ಹಸಿ ಹುಲ್ಲಿನ ತೂಕದಲ್ಲಿ ಮುಕ್ಕಾಲು ಪಾಲು ಮೊದಲೇ ನೀರು. ಅದರ ಮೇಲೆ ಮಳೆ, ಅದರ ಮೇಲೆ ಕೆಮ್ಮಣ್ಣಿನ ರಾಡಿ. ನಮ್ಮ ಅಂಗಳಗಳಲ್ಲಿ ಹಬ್ಬುವ ಅಗಲ ಎಲೆಯ ಬಫಲೋ ಹುಲ್ಲಂತೂ ರಸದಲ್ಲಿ ಬಸಳೆಗೆ ನೆಂಟ.

ಮೊದಲ ಪದರ ಹಿಡಿಯುವುದೊಂದೇ ಕಷ್ಟ, ಎರಡನೆಯದು ತಾನಾಗಿ ಬರುತ್ತದೆ. ಗಾಳಿ ಓಡಾಡುವ ಜಾಗ ಕಿರಿದಾಗುತ್ತದೆ, ಚೀಲದ ಬಾಯಿ ಕಟ್ಟುತ್ತದೆ, ಬ್ಲೇಡು ಅದೇ ಹುಲ್ಲನ್ನು ಮತ್ತೆ ಮತ್ತೆ ಅರೆಯುತ್ತದೆ. ಮೋಟಾರಿನ ದನಿ ಗೊಗ್ಗರಾಗುತ್ತದೆ. ಬಿಸಿ ಹೆಚ್ಚಾಗಿ ಯಂತ್ರ ತಾನಾಗಿ ನಿಂತರೆ ಬೈಗುಳ ಬ್ಯಾಟರಿಗೆ ಅಥವಾ ವೋಲ್ಟೇಜಿಗೆ. ಆಗಲೂ ಚೀಲದ ಬಲೆಯನ್ನು ಯಾರೂ ನೋಡುವುದಿಲ್ಲ. ಅದರ ತೂತುಗಳು ಹಸಿರು ಪುಡಿಯಿಂದ ಮುಚ್ಚಿದರೆ ಗಾಳಿಗೆ ಹೊರದಾರಿ ಇಲ್ಲ. ಚೀಲ ಅರ್ಧ ಖಾಲಿಯಿರುವಾಗಲೇ ಹುಲ್ಲು ಕೆಳಗೆ ಉದುರುತ್ತದೆ.

ತೆಗೆಯುವುದಕ್ಕೆ ಒಂದು ಹೊತ್ತಿದೆ: ಕೆಲಸ ಮುಗಿದ ಮೊದಲ ಹತ್ತು ನಿಮಿಷ. ಕಾವಲಿಗೆ ಹಿಡಿದ ದೋಸೆಯ ಹಾಗೆ. ಆಗಲೇ ಎಬ್ಬಿಸಿದರೆ ಹಾಳೆಯಾಗಿ ಬರುತ್ತದೆ, ಮರುದಿನಕ್ಕೆ ಬಿಟ್ಟರೆ ಉಳಿ ಬೇಕು. ಪ್ಲಗ್ಗು ಕಿತ್ತಿಡಿ, ಸ್ವಿಚ್ಚು ಆರಿಸಿದ್ದು ಸಾಲದು. ಬ್ಯಾಟರಿಯದ್ದಾದರೆ ಬ್ಯಾಟರಿ ಹೊರಗೆ, ಕೀ ಇದ್ದರೆ ಕೀ ಕಿಸೆಗೆ. ಬ್ಲೇಡು ಪೂರ್ತಿ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಪೆಟ್ರೋಲಿನ ಯಂತ್ರದಂತೆ ಎಣ್ಣೆ ಚೆಲ್ಲುವ ಭಯವಿಲ್ಲ, ಯಾವ ಮಗ್ಗುಲಾದರೂ ನಡೆಯುತ್ತದೆ. ಹೆರೆಯಲು ಪೀಶಕತ್ತಿ ಬೇಡ: ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ಮುಂದಿನ ಹುಲ್ಲಿಗೆ ಅದೇ ಹಿಡಿಕೆ, ತಗಡಾದರೆ ಬಣ್ಣ ಹೋದಲ್ಲಿ ತುಕ್ಕು. ಮಲ್ಪೆ, ಪಣಂಬೂರು ಕಡೆಯ ಉಪ್ಪುಗಾಳಿಗೆ ಅಷ್ಟು ಸಂದು ಸಾಕು. ತೆಂಗಿನ ಗರಿಯ ಬುಡದ ಒಣ ಕೊತ್ತಳಿಗೆಯ ತುಂಡಿನ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡರೆ ಅದಕ್ಕಿಂತ ಒಳ್ಳೆಯ ಹತ್ಯಾರಿಲ್ಲ. ಪಕ್ಕೆಲುಬಿನಂತಹ ಏಣುಗಳ ನಡುವೆ ಸವೆದ ಹಿಡಿಸೂಡಿಯ ಮೊಂಡು ತುದಿ ಹೋಗುತ್ತದೆ.

ಪೈಪು ಹಿಡಿಯುವ ಆಸೆಯನ್ನು ತಡೆದುಕೊಳ್ಳುವುದೇ ನಮಗೆ ಕಷ್ಟ. ವರ್ಷಕ್ಕೆ ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು. ಅಂಗಳ, ಬೈಕು, ಚಪ್ಪಲಿ, ಎಲ್ಲಕ್ಕೂ ಮದ್ದು ನೀರೇ. ಆದರೆ ಬ್ಲೇಡಿನ ನೆತ್ತಿಯಲ್ಲೇ ಮೋಟಾರಿದೆ, ನಡುವೆ ಒಂದು ಬೇರಿಂಗು. ಮೈಮೇಲೆ ಐಪಿಎಕ್ಸ್4 ಎಂದು ಬರೆದಿದ್ದರೆ ಎರಚಲು ತಡೆಯುತ್ತದೆ ಎಂದಷ್ಟೇ ಅರ್ಥ. ಪೈಪಿನ ರಭಸಕ್ಕೆ ಆ ಮಾತು ಅನ್ವಯಿಸದು. ಒಣಗಿ ಕಲ್ಲಾಗಿದ್ದರೆ ಒದ್ದೆ ಗೋಣಿಯನ್ನು ಅರ್ಧ ಗಂಟೆ ಒತ್ತಿಟ್ಟು ಹೆರೆಯಿರಿ. ಆಮೇಲೆ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದರೆ ಮುಂದಿನ ಎರಡು ಮೂರು ಸಲ ಹಗುರವಾಗಿ ಬಿಡುತ್ತದೆ. ತೆಂಗಿನೆಣ್ಣೆ ಹಚ್ಚುವವರಿದ್ದಾರೆ. ಅದಕ್ಕೆ ಧೂಳು ಹಿಡಿದು ಇನ್ನೊಂದು ಬಗೆಯ ಅಂಟಾಗುತ್ತದೆ.

ಗರಿಕೆಯ ಕಥೆ ಬೇರೆ. ಅದು ಮುಚ್ಚಳಕ್ಕೆ ಹೋಗದೆ ನೇರ ಕುತ್ತಿಗೆಗೆ ಕೈ ಹಾಕುತ್ತದೆ. ಉದ್ದ ಬಳ್ಳಿಗಳು ಬ್ಲೇಡಿನ ಮೇಲಿನ ದಂಡಕ್ಕೆ ಹಗ್ಗದಂತೆ ಹೊಸೆದುಕೊಂಡು ಬೇರಿಂಗನ್ನು ಉಜ್ಜುತ್ತವೆ. ತಿಂಗಳಿಗೊಮ್ಮೆ ದಪ್ಪ ಕೈಗವಸು ಹಾಕಿ, ಬ್ಲೇಡಿಗೆ ಮರದ ತುಂಡಿನ ಅಡ್ಡ ಕೊಟ್ಟು, ಬೋಲ್ಟು ಬಿಚ್ಚಿ ಅದನ್ನು ಕೊಯ್ದು ತೆಗೆಯಬೇಕು. ಬಿಚ್ಚುವ ಮೊದಲು ನೆಲದ ಕಡೆಯ ಮುಖಕ್ಕೆ ಬಣ್ಣದ ಗುರುತು ಹಾಕಿ, ವಾಷರುಗಳ ಸರದಿಯನ್ನು ಫೋಟೋ ಹೊಡೆದಿಟ್ಟುಕೊಳ್ಳಿ. ಬ್ಲೇಡು ತಲೆಕೆಳಗಾಗಿ ಕೂತರೆ ಹುಲ್ಲನ್ನು ಕತ್ತರಿಸದೆ ಬಾಚಿ ಮಲಗಿಸುತ್ತದೆ.

ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಮೊದಲ ಹುಲ್ಲಿನ ಯಂತ್ರಕ್ಕೆ ಈ ತಾಪತ್ರಯ ಇರಲಿಲ್ಲ. ಉರುಳೆಗೆ ಬ್ಲೇಡು ಸುತ್ತಿ ಕತ್ತರಿಯಂತೆ ಕೊಯ್ಯುವ ಯಂತ್ರ ಅದು. ಮುಚ್ಚಳವಿಲ್ಲದ ಮೇಲೆ ಮಾಡು ಎಲ್ಲಿಂದ? ಆದರೆ ಆಟಿಯಲ್ಲಿ ಮೊಣಕಾಲಿಗೆ ಬಂದ ಹುಲ್ಲಿನ ಮುಂದೆ ಉರುಳೆ ಬರೇ ಉರುಳುತ್ತದೆ.

ಆದ್ದರಿಂದ ಮಳೆ ಹೊಳವಾಗಿ, ಎರಡು ಗಂಟೆ ಬಿಸಿಲು ಬಿದ್ದು, ಎಲೆಯ ಮೇಲೆ ಕೈಯಾಡಿಸಿದಾಗ ಅಂಗೈ ಒದ್ದೆಯಾಗದ ಹೊತ್ತು ನೋಡಿ. ಎತ್ತರ ಐದಾರು ಸೆಂಟಿಮೀಟರಿಗೆ ಇಟ್ಟು, ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗ ಮಾತ್ರ, ಯಂತ್ರದ ಅರ್ಧ ಅಗಲಕ್ಕೆ ಮಾತ್ರ ಹುಲ್ಲು ಸಿಗುವಂತೆ ನಿಧಾನ ಓಡಿಸಿ. ಚೀಲ ಅರ್ಧವಾದಾಗಲೇ ತೆಂಗಿನ ಬುಡಕ್ಕೆ ತೆಳ್ಳಗೆ ಹರಡಿ. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ನಾರುತ್ತದೆ. ಖಾಲಿ ಚೀಲವನ್ನು ಒಳಮೈ ಹೊರಗೆ ಮಾಡಿ ಕೊಡವಿ, ಬಚ್ಚಲ ಒಲೆಯ ಕೋಣೆಯಲ್ಲಿ ತೂಗುಹಾಕಿದರೆ ಬೆಳಗಾಗುವಾಗ ಒಣಗಿರುತ್ತದೆ. ಒಲೆಯ ನೇರಕ್ಕೆ ಮಾತ್ರ ಬೇಡ, ಬಲೆ ನೈಲಾನಿನದು.